ಡಾಟ್ ಎನ್‌ಸಿ ಫೈಲ್ ತೆರೆಯುವ ದಾರಿ: ನೆಟ್‌ಸಿಡಿಎಫ್ ಲೈಬ್ರರಿ ಹಾಕಿಕೊಳ್ಳುವುದು, ಕಟ್ಟಿಕೊಳ್ಳುವುದು

ಪುಣೆಯ ಹವಾಮಾನ ಇಲಾಖೆಯ ಜಾಲತಾಣದಿಂದ ಒಂದು ವರ್ಷದ ಮಳೆ ಲೆಕ್ಕ ಇಳಿಸಿಕೊಂಡಿದ್ದೀರಿ ಎಂದುಕೊಳ್ಳಿ. ಫೈಲ್ ಹೆಸರಿನ ಕೊನೆಗೆ ಡಾಟ್ ಎನ್‌ಸಿ ಎಂದಿದೆ. ಎರಡು ಸಲ ಕ್ಲಿಕ್ ಮಾಡಿದರೆ ಕಂಪ್ಯೂಟರ್ ‘ಯಾವುದರಲ್ಲಿ ತೆರೆಯಲಿ?’ ಎಂದು ನಿಮ್ಮನ್ನೇ ಕೇಳುತ್ತದೆ. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಮೊದಲ ಸಾಲಿನಲ್ಲಿ ಸಿ, ಡಿ, ಎಫ್ ಅಥವಾ ಎಚ್, ಡಿ, ಎಫ್ ಎಂಬ ಮೂರು ಅಕ್ಷರ ಕಾಣುತ್ತವೆ. ಆಮೇಲೆಲ್ಲ ಗೀಚು. ಗಾಬರಿ ಬೇಡ, ಫೈಲ್ ಕೆಟ್ಟಿಲ್ಲ. ಅದನ್ನು ಓದಬಲ್ಲ ಸಾಫ್ಟ್‌ವೇರ್ ನಿಮ್ಮ ಕಂಪ್ಯೂಟರಿನಲ್ಲಿ ಇನ್ನೂ ಇಲ್ಲ, ಅಷ್ಟೆ.

ಆ ಸಾಫ್ಟ್‌ವೇರ್‌ನ ಹೆಸರು ನೆಟ್‌ಸಿಡಿಎಫ್. ಅದನ್ನು ಹಾಕಿಕೊಳ್ಳುವುದು ಹೇಗೆ, ಮೂಲ ಕೋಡ್‌ನಿಂದ ನಾವೇ ಕಟ್ಟಿಕೊಳ್ಳಬೇಕಾದರೆ ಹೇಗೆ, ಎಲ್ಲಿ ಎಡವುತ್ತೇವೆ ಎನ್ನುವುದನ್ನು ಇಲ್ಲಿ ಹೇಳುತ್ತೇನೆ. ಕಮ್ಯಾಂಡ್‌ಗಳನ್ನು ಫೋನಿನಲ್ಲಿ ಹೇಳಿಕೊಡುವ ಹಾಗೆ ಬಾಯಿಮಾತಿನಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಿ.

ಎಕ್ಸೆಲ್ ಸಾಲದೆ?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದೇ. ಲೆಕ್ಕ ಹಾಕಿ ನೋಡೋಣ. ಹವಾಮಾನ ಇಲಾಖೆ ಭಾರತದ ನಕ್ಷೆಯ ಮೇಲೆ ಚೌಕುಳಿ ಹಾಕಿದೆ. ಒಂದೊಂದು ಚೌಕದ ಬದಿ ಕಾಲು ಡಿಗ್ರಿ. ನಮ್ಮ ಕಡೆ ಅದು ಸುಮಾರು 27 ಕಿಲೋಮೀಟರ್. ಪೂರ್ವ ಪಶ್ಚಿಮವಾಗಿ 135 ಬಿಂದು, ಉತ್ತರ ದಕ್ಷಿಣವಾಗಿ 129 ಬಿಂದು, ಒಟ್ಟು 17,415 ಬಿಂದು. ಪ್ರತಿ ಬಿಂದುವಿಗೆ ದಿನಕ್ಕೊಂದು ಮಳೆಯ ಅಂಕಿ. 365 ದಿನಕ್ಕೆ 63,56,475 ಅಂಕಿಗಳಾದವು. ಎಕ್ಸೆಲ್ ಹಾಳೆಯ ಸಾಲುಗಳು 10,48,576ಕ್ಕೆ ಮುಗಿದುಹೋಗುತ್ತವೆ. ಸಾಲಿಗೊಂದು ಅಂಕಿ ಬರೆದರೆ ಏಳು ಹಾಳೆ ಬೇಕು. ಇದು ಒಂದೇ ವರ್ಷದ ಮಾತು. ಈ ಮಳೆ ಲೆಕ್ಕ 1901ರಿಂದ ಸಿಗುತ್ತದೆ.

ಅದೇ ಅಂಕಿಗಳನ್ನು ಅಂಕಿಗೆ 4 ಬೈಟ್‌ನಂತೆ ನೆಟ್‌ಸಿಡಿಎಫ್ ಫೈಲಿನಲ್ಲಿ ತುಂಬಿದರೆ ವರ್ಷಕ್ಕೆ ಸುಮಾರು 25 ಎಂಬಿ ಆಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಬರುವ ಮದುವೆ ವಿಡಿಯೊಗಿಂತ ಚಿಕ್ಕದು.

ಗಾತ್ರಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿದೆ. ಈ ಫೈಲ್ ತನ್ನ ವಿವರವನ್ನು ತಾನೇ ಹೊತ್ತಿರುತ್ತದೆ. ಉಪ್ಪಿನಕಾಯಿ ಭರಣಿಯ ಮೇಲೆ ‘ಮಿಡಿ, ಕಳೆದ ಏಪ್ರಿಲ್’ ಎಂದು ಚೀಟಿ ಅಂಟಿಸಿಡುತ್ತಾರಲ್ಲ, ಹಾಗೆ. ಒಳಗೆ ಮೂರು ಬಗೆಯ ಸಂಗತಿ ಇರುತ್ತವೆ. ಮೊದಲನೆಯದು ಡೈಮೆನ್ಷನ್, ಎಂದರೆ ಆಯಾಮ: ಇಷ್ಟು ದಿನ, ಇಷ್ಟು ಅಕ್ಷಾಂಶ, ಇಷ್ಟು ರೇಖಾಂಶ. ಎರಡನೆಯದು ವೇರಿಯಬಲ್, ಎಂದರೆ ಅಂಕಿಗಳೇ: ಮಳೆ, ಉಷ್ಣಾಂಶ ಇತ್ಯಾದಿ. ಮೂರನೆಯದು ಆಟ್ರಿಬ್ಯೂಟ್, ಎಂದರೆ ಅಂಟಿಸಿದ ಚೀಟಿ: ಅಳತೆ ಮಿಲಿಮೀಟರಿನಲ್ಲಿ, ಅಂಕಿ ಇಲ್ಲದ ಜಾಗಕ್ಕೆ -999 ಎಂಬ ಗುರುತು, ಹೀಗೆ. ಈ ಕೊನೆಯ ಚೀಟಿಯನ್ನು ಓದದೆ ಲೆಕ್ಕಕ್ಕೆ ಇಳಿಯಬೇಡಿ. ಸೊನ್ನೆ ಎಂದರೆ ಮಳೆ ಬರಲಿಲ್ಲ. -999 ಎಂದರೆ ಅಲ್ಲಿ ಲೆಕ್ಕವೇ ಇಲ್ಲ. ಎರಡನ್ನೂ ಕಲಸಿ ಸರಾಸರಿ ತೆಗೆದರೆ ಅರಬ್ಬಿ ಸಮುದ್ರದ ಮೇಲೆ ಮೈನಸ್ ಮಳೆ ಸುರಿಯುತ್ತದೆ.

ಒಂದರ ಮೇಲೊಂದು ನಿಂತ ಮೂರು ಲೈಬ್ರರಿ

ಲೈಬ್ರರಿ ಎಂದರೆ ಇಲ್ಲಿ ಸಿದ್ಧ ಕೋಡ್‌ಗಳ ಕಟ್ಟು. ಅದಕ್ಕೆ ತನ್ನದೇ ಆದ ಕಿಟಕಿ, ಬಟನ್ ಇರುವುದಿಲ್ಲ. ಬೇರೆ ಪ್ರೋಗ್ರಾಮ್‌ಗಳು ‘ಈ ಫೈಲ್ ತೆರೆ, ಆ ದಿನದ ಮಳೆ ಕೊಡು’ ಎಂದು ಅದನ್ನು ಕೇಳಿ ಕೆಲಸ ಮಾಡಿಸಿಕೊಳ್ಳುತ್ತವೆ. ಆದ್ದರಿಂದ ನೆಟ್‌ಸಿಡಿಎಫ್ ಹಾಕಿದ ಮೇಲೆ ಡೆಸ್ಕ್‌ಟಾಪಿನಲ್ಲಿ ಹೊಸ ಚಿತ್ರ ಏನೂ ಮೂಡಲಿಲ್ಲ ಎಂದು ಬೇಸರಪಡಬೇಡಿ. ಅದು ಕಾಣದ ಆಳು.

ಇದನ್ನು ರೂಪಿಸಿದ್ದು ಅಮೆರಿಕದ ಕೊಲರಾಡೊ ರಾಜ್ಯದ ಬೋಲ್ಡರ್ ಊರಿನಲ್ಲಿರುವ ಯೂನಿಡೇಟಾ ಕೇಂದ್ರ, 1980ರ ದಶಕದ ಕೊನೆಯಲ್ಲಿ. ನಾಸಾದಲ್ಲಿ ಆಗಲೇ ಇದ್ದ ಸಿಡಿಎಫ್ ಎಂಬ ವ್ಯವಸ್ಥೆಯ ಯೋಚನೆಯೇ ಇದಕ್ಕೆ ಮಾದರಿ. ಯಾವ ಬಗೆಯ ಕಂಪ್ಯೂಟರಿನಲ್ಲಿ ಬರೆದರೂ ಇನ್ನೊಂದರಲ್ಲಿ ಓದಲು ಬರಬೇಕು ಎನ್ನುವುದು ಉದ್ದೇಶ. ಆಗಿನ ಯಂತ್ರಗಳು ಅಂಕಿಯ ಬೈಟ್‌ಗಳನ್ನು ಒಂದೊಂದು ಕ್ರಮದಲ್ಲಿ ಇಡುತ್ತಿದ್ದುದರಿಂದ ಅದು ಸಣ್ಣ ಸಮಸ್ಯೆ ಆಗಿರಲಿಲ್ಲ.

ಇಲಿನಾಯ್ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟಿಂಗ್ ಕೇಂದ್ರದಲ್ಲಿ ಬೇರೆಯೇ ಆಗಿ ಎಚ್‌ಡಿಎಫ್ ಎಂಬ ಲೈಬ್ರರಿ ಬೆಳೆಯುತ್ತಿತ್ತು. ಅದರ ಐದನೆಯ ರೂಪವಾದ ಎಚ್‌ಡಿಎಫ್5 ದೊಡ್ಡ ಫೈಲ್‌ಗಳನ್ನು, ಒತ್ತಿ ಚಿಕ್ಕದು ಮಾಡಿದ ಅಂಕಿಗಳನ್ನು ಚೆನ್ನಾಗಿ ನಿಭಾಯಿಸುತ್ತಿತ್ತು. 2008ರಲ್ಲಿ ಬಂದ ನೆಟ್‌ಸಿಡಿಎಫ್-4 ಅದನ್ನೇ ತನ್ನ ಅಡಿಪಾಯ ಮಾಡಿಕೊಂಡಿತು. ಹಳೆಯ ರೂಪವನ್ನೂ ಕೈಬಿಡಲಿಲ್ಲ. ನೋಟ್‌ಪ್ಯಾಡ್‌ನಲ್ಲಿ ಒಮ್ಮೆ ಸಿಡಿಎಫ್, ಒಮ್ಮೆ ಎಚ್‌ಡಿಎಫ್ ಎಂದು ಕಾಣುವುದು ಇದರಿಂದಲೇ: ಮೊದಲನೆಯದು ಹಳೆಯ ರೂಪದ ಫೈಲ್, ಎರಡನೆಯದು ಹೊಸ ರೂಪದ್ದು. ಎಚ್‌ಡಿಎಫ್5 ಅಂಕಿಗಳನ್ನು ಒತ್ತಿ ಚಿಕ್ಕದು ಮಾಡಲು ಝಡ್‌ಲಿಬ್ ಎಂಬ ಇನ್ನೊಂದು ಪುಟ್ಟ ಲೈಬ್ರರಿಯ ನೆರವು ಪಡೆಯುತ್ತದೆ.

ಹಾಗಾಗಿ ತಳದಲ್ಲಿ ಝಡ್‌ಲಿಬ್, ಅದರ ಮೇಲೆ ಎಚ್‌ಡಿಎಫ್5, ಅದರ ಮೇಲೆ ನೆಟ್‌ಸಿಡಿಎಫ್. ಈ ಕ್ರಮ ನೆನಪಿಡಿ. ಮುಂದೆ ಬರುವ ತೊಂದರೆಗಳಲ್ಲಿ ಹೆಚ್ಚಿನವು ಮೇಲಿನವನಿಗೆ ಕೆಳಗಿನವನು ಸಿಗದೆ ಹೋದಾಗ, ಅಥವಾ ಕೆಳಗೆ ಇಬ್ಬರು ನಿಂತಿದ್ದಾಗ ಆಗುವಂಥವು.

ನೀವು ಕಟ್ಟಲೇಬೇಕೆ?

ಬಹುಪಾಲು ಜನರಿಗೆ ಬೇಡ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸಾರಿನ ಪುಡಿ ಅಂಗಡಿಯಲ್ಲೂ ಸಿಗುತ್ತದೆ, ಮನೆಯಲ್ಲಿ ಹುರಿದೂ ಮಾಡಬಹುದು. ಇವತ್ತು ರಾತ್ರಿ ಊಟಕ್ಕೆ ಸಾರು ಬೇಕಾದವರು ಧನಿಯಾ ಹುರಿಯುತ್ತ ಕೂರುವುದಿಲ್ಲ.

ಫೈಲಿನೊಳಗೆ ಏನಿದೆ ಎಂದು ಕಣ್ಣಲ್ಲಿ ನೋಡಿದರೆ ಸಾಕು ಎನ್ನುವವರಿಗೆ ಪ್ಯಾನೊಪ್ಲಿ ಇದೆ. ನಾಸಾದ ಗೊಡಾರ್ಡ್ ಸಂಸ್ಥೆಯವರು ಕೊಡುವ ಉಚಿತ ಪ್ರೋಗ್ರಾಮ್. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಜಾವಾ ಒಂದು ಇರಬೇಕು. ಫೈಲ್ ತೆರೆದು ಮಳೆಯ ಮೇಲೆ ಕ್ಲಿಕ್ ಮಾಡಿದರೆ ನಕ್ಷೆಯೇ ಬರುತ್ತದೆ. ಶಾಲೆಯ ಮೇಷ್ಟ್ರುಗಳಿಗೆ, ಪತ್ರಕರ್ತರಿಗೆ, ಕೃಷಿ ಆಸಕ್ತರಿಗೆ ಇಷ್ಟೇ ಸಾಕು ಎನ್ನುವುದು ನನ್ನ ಅಭಿಪ್ರಾಯ.

ಪೈಥಾನ್ ಬಲ್ಲವರು ‘ಪಿಪ್ ಇನ್‌ಸ್ಟಾಲ್ ನೆಟ್‌ಸಿಡಿಎಫ್4’ ಎಂದರೆ ಮುಗಿಯಿತು. ಅದರ ಜೊತೆಗೆ ‘ಎಕ್ಸ್‌ಅರೇ’ ಎಂಬ ಪೈಥಾನ್ ಲೈಬ್ರರಿಯನ್ನೂ ಹಾಕಿಕೊಳ್ಳಿ. ಪಿಪ್ ತರುವ ಸಿದ್ಧ ಪೊಟ್ಟಣದೊಳಗೆ ಮೇಲೆ ಹೇಳಿದ ಮೂರು ಲೈಬ್ರರಿಗಳೂ ಅಡಕವಾಗಿರುತ್ತವೆ. ಬೇರೆಯಾಗಿ ಏನನ್ನೂ ಹುಡುಕಬೇಕಿಲ್ಲ. ಆದರೆ ಆ ಪೊಟ್ಟಣದೊಳಗಿನ ಲೈಬ್ರರಿ ಪೈಥಾನ್‌ಗೆ ಮಾತ್ರ. ನಿಮ್ಮ ಸಿ ಅಥವಾ ಫೋರ್ಟ್ರಾನ್ ಪ್ರೋಗ್ರಾಮ್‌ಗೆ ಅದು ಒದಗುವುದಿಲ್ಲ.

ಸಿ ಪ್ರೋಗ್ರಾಮ್ ಬರೆಯುವವರು ಉಬುಂಟುವಿನಲ್ಲಿ ‘ಸುಡೊ ಆಪ್ಟ್ ಇನ್‌ಸ್ಟಾಲ್’ ಎಂದು ಬರೆದು ಮುಂದೆ ‘ಲಿಬ್‌ನೆಟ್‌ಸಿಡಿಎಫ್ ಹೈಫನ್ ಡೆವ್’ ಮತ್ತು ‘ನೆಟ್‌ಸಿಡಿಎಫ್ ಹೈಫನ್ ಬಿನ್’ ಎಂಬ ಎರಡು ಪ್ಯಾಕೇಜ್ ಹೆಸರು ಹಾಕಬೇಕು. ಎರಡು ಏಕೆ? ಮೊದಲನೆಯದು ಲೈಬ್ರರಿ ಮತ್ತು ಹೆಡರ್ ಫೈಲ್. ಹೆಡರ್ ಎಂದರೆ ಲೈಬ್ರರಿಯಲ್ಲಿ ಯಾವ ಯಾವ ಕೆಲಸಗಳು ಲಭ್ಯ ಎಂದು ಕಂಪೈಲರ್‌ಗೆ, ಎಂದರೆ ಮನುಷ್ಯರು ಬರೆದ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಮ್‌ಗೆ, ಹೇಳುವ ಪಟ್ಟಿ. ಎರಡನೆಯದು ಎನ್‌ಸಿಡಂಪ್, ಎನ್‌ಸಿಕಾಪಿ ಮುಂತಾದ ಪುಟ್ಟ ಸಲಕರಣೆ. ಮ್ಯಾಕ್‌ನಲ್ಲಿ ಹೋಮ್‌ಬ್ರೂ ಇದ್ದರೆ ‘ಬ್ರೂ ಇನ್‌ಸ್ಟಾಲ್ ನೆಟ್‌ಸಿಡಿಎಫ್’. ವಿಂಡೋಸ್‌ಗೆ ಯೂನಿಡೇಟಾದವರೇ ಸಿದ್ಧ ಇನ್‌ಸ್ಟಾಲರ್ ಕೊಡುತ್ತಾರೆ. ಆದರೂ ವಿಂಡೋಸ್‌ನಲ್ಲಿ ಗಂಭೀರ ಕೆಲಸ ಮಾಡುವವರು ಅದರೊಳಗೇ ಲಿನಕ್ಸ್ ನಡೆಸುವ ಡಬ್ಲ್ಯೂಎಸ್‌ಎಲ್ ಹಾಕಿಕೊಂಡು ಉಬುಂಟುವಿನ ದಾರಿ ಹಿಡಿಯುವುದು ಸುಲಭ.

ಹಾಗಾದರೆ ಕಟ್ಟುವವರು ಯಾರು? ಕಾಲೇಜಿನ ಅಥವಾ ಸಂಶೋಧನಾ ಸಂಸ್ಥೆಯ ದೊಡ್ಡ ಕಂಪ್ಯೂಟರಿನಲ್ಲಿ ಕೆಲಸ ಮಾಡುವವರು. ಅಲ್ಲಿ ನಿಮಗೆ ಸುಡೊ, ಎಂದರೆ ಇಡೀ ಯಂತ್ರದ ಮೇಲಿನ ಅಧಿಕಾರ, ಇರುವುದಿಲ್ಲ, ನಿಮ್ಮ ಫೋಲ್ಡರ್ ಒಳಗೆ ಮಾತ್ರ ಏನು ಬೇಕಾದರೂ ಮಾಡಬಹುದು. ಡಬ್ಲ್ಯೂಆರ್‌ಎಫ್‌ನಂಥ ಹವಾಮಾನ ಮಾದರಿ ಓಡಿಸುವವರೂ ಕಟ್ಟಬೇಕಾಗುತ್ತದೆ. ಮಾದರಿಯನ್ನು ಯಾವ ಕಂಪೈಲರ್‌ನಿಂದ ಕಟ್ಟುತ್ತೀರೋ ನೆಟ್‌ಸಿಡಿಎಫ್‌ನ ಫೋರ್ಟ್ರಾನ್ ಲೈಬ್ರರಿಯನ್ನೂ ಅದರಿಂದಲೇ ಕಟ್ಟಿರಬೇಕು ಎನ್ನುವುದು ಅದಕ್ಕೆ ಕಾರಣ. ಹತ್ತಾರು ಪ್ರೊಸೆಸರ್‌ಗಳು ಒಟ್ಟಿಗೆ ಒಂದೇ ಫೈಲಿಗೆ ಬರೆಯಬೇಕಾದವರು ಮೂರನೆಯ ಗುಂಪು.

ಕಟ್ಟುವ ಕ್ರಮ

ಮೊದಲು ಸಾಮಾನು ಹೊಂದಿಸಿಕೊಳ್ಳಿ. ಜಿಸಿಸಿ ಎಂಬ ಕಂಪೈಲರ್, ಮೇಕ್, ಎಂ4 ಎಂಬ ಪುಟ್ಟ ಸಲಕರಣೆ ಇವು ಬೇಕು. ಮೇಕ್ ಎಂದರೆ ಯಾವುದರ ನಂತರ ಯಾವುದನ್ನು ಕಂಪೈಲ್ ಮಾಡಬೇಕೆಂದು ನೋಡಿಕೊಳ್ಳುವ ಮೇಸ್ತ್ರಿ. ಉಬುಂಟುವಿನಲ್ಲಿ ‘ಬಿಲ್ಡ್ ಹೈಫನ್ ಎಸೆನ್ಷಿಯಲ್’ ಎಂಬ ಒಂದೇ ಪ್ಯಾಕೇಜ್ ಮೊದಲೆರಡನ್ನೂ ತರುತ್ತದೆ, ಎಂ4 ಅನ್ನು ಬೇರೆಯಾಗಿ ಹಾಕಿಕೊಳ್ಳಿ.

ಆಮೇಲೆ ನಿಮ್ಮ ಹೋಮ್ ಫೋಲ್ಡರ್ ಒಳಗೆ ಎರಡು ಫೋಲ್ಡರ್ ಮಾಡಿ. ಒಂದು ‘ಸೋರ್ಸ್’, ಇಳಿಸಿಕೊಂಡ ಕೋಡ್ ಬಿಚ್ಚಿಡಲು. ಇನ್ನೊಂದು ‘ಲೋಕಲ್’, ಕಟ್ಟಿ ಮುಗಿದದ್ದನ್ನು ಇಡಲು. ಹೆಸರಿನ ನಡುವೆ ಖಾಲಿ ಜಾಗ ಬಿಡಬೇಡಿ. ನಾನು ಒಮ್ಮೆ ‘ಮೈ ವರ್ಕ್’ ಎಂದು ಜಾಗ ಬಿಟ್ಟು ಹೆಸರಿಟ್ಟ ಫೋಲ್ಡರಿನಲ್ಲಿ ಕಟ್ಟಲು ಹೋಗಿ ಒಂದು ಸಂಜೆ ಕಳೆದುಕೊಂಡೆ. ಮೇಕ್‌ಗೆ ‘ಮೈ’ ಒಂದು ಜಾಗ, ‘ವರ್ಕ್’ ಇನ್ನೊಂದು ಜಾಗ ಎಂದೇ ಅರ್ಥವಾಗುತ್ತಿತ್ತು. ತಪ್ಪು ನನ್ನದೇ, ಆದರೆ ಅದು ಕೊಡುತ್ತಿದ್ದ ದೂರಿಗೂ ಈ ಕಾರಣಕ್ಕೂ ಸಂಬಂಧವೇ ಕಾಣುತ್ತಿರಲಿಲ್ಲ.

ಮೂರು ಲೈಬ್ರರಿಗಳಿಗೂ ಹೆಜ್ಜೆಗಳು ಹೆಚ್ಚುಕಡಿಮೆ ಒಂದೇ: ಕಾನ್ಫಿಗರ್, ಮೇಕ್, ಮೇಕ್ ಚೆಕ್, ಮೇಕ್ ಇನ್‌ಸ್ಟಾಲ್. ಕಾನ್ಫಿಗರ್ ಎಂದರೆ ನಿಮ್ಮ ಯಂತ್ರದಲ್ಲಿ ಏನೇನಿದೆ ಎಂದು ತಡಕಾಡಿ ನೋಡಿ ಮೇಕ್‌ಗೆ ಕೆಲಸದ ಪಟ್ಟಿ ಬರೆದುಕೊಡುವ ಹಂತ. ಎರಡನೆಯದು ಕಟ್ಟುತ್ತದೆ. ಮೂರನೆಯದು ಕಟ್ಟಿದ್ದು ಸರಿಯಿದೆಯೇ ಎಂದು ಪರೀಕ್ಷಿಸುತ್ತದೆ. ನಾಲ್ಕನೆಯದು ಎಲ್ಲವನ್ನೂ ‘ಲೋಕಲ್’ ಫೋಲ್ಡರಿಗೆ ಸಾಗಿಸುತ್ತದೆ.

ಝಡ್‌ಲಿಬ್‌ನಿಂದ ಶುರು ಮಾಡಿ. ಅದರ ಫೋಲ್ಡರಿಗೆ ಹೋಗಿ ‘ಡಾಟ್ ಸ್ಲ್ಯಾಶ್ ಕಾನ್ಫಿಗರ್’ ಎಂದು ಬರೆದು, ಜಾಗ ಬಿಟ್ಟು, ‘ಹೈಫನ್ ಹೈಫನ್ ಪ್ರಿಫಿಕ್ಸ್’ ಎಂದು ಬರೆದು, ಸಮ ಚಿಹ್ನೆ ಹಾಕಿ ‘ಲೋಕಲ್’ ಫೋಲ್ಡರಿನ ಪೂರ್ತಿ ವಿಳಾಸ ಕೊಡಿ. ಪ್ರಿಫಿಕ್ಸ್ ಎಂದರೆ ಕೊನೆಗೆ ಎಲ್ಲಿ ಇಡಬೇಕು ಎನ್ನುವ ವಿಳಾಸ. ಇದನ್ನು ಕೊಡದಿದ್ದರೆ ಅದು ಇಡೀ ಯಂತ್ರಕ್ಕೆ ಸೇರಿದ ಫೋಲ್ಡರಿಗೆ ಬರೆಯಲು ಹೋಗಿ ‘ಅನುಮತಿ ಇಲ್ಲ’ ಎನ್ನಿಸಿಕೊಂಡು ವಾಪಸ್ ಬರುತ್ತದೆ. ಮೂರಕ್ಕೂ ಒಂದೇ ಪ್ರಿಫಿಕ್ಸ್ ಕೊಡಿ. ಬೇರೆ ಬೇರೆ ಕೊಡುವುದು ಅಚ್ಚುಕಟ್ಟು ಎಂದು ಕೆಲವರು ಹೇಳುತ್ತಾರೆ. ಮೊದಲ ಸಲ ಕಟ್ಟುವವರಿಗೆ ಅದು ತಲೆನೋವು.

ಎಚ್‌ಡಿಎಫ್5ಕ್ಕೆ ಪ್ರಿಫಿಕ್ಸ್ ಜೊತೆಗೆ ‘ಹೈಫನ್ ಹೈಫನ್ ವಿತ್ ಹೈಫನ್ ಝಡ್‌ಲಿಬ್’ ಎಂದು ಸೇರಿಸಿ, ಸಮ ಚಿಹ್ನೆಯ ಮುಂದೆ ಅದೇ ವಿಳಾಸ ಕೊಡಬೇಕು. ಇದರಲ್ಲಿ ಹೈ ಲೆವೆಲ್ ಲೈಬ್ರರಿ ಎಂಬ ಒಂದು ಭಾಗವಿದೆ. ನೆಟ್‌ಸಿಡಿಎಫ್‌ಗೆ ಅದು ಬೇಕೇ ಬೇಕು. ಸಾಮಾನ್ಯವಾಗಿ ತಾನಾಗಿಯೇ ಕಟ್ಟಿಕೊಳ್ಳುತ್ತದೆ. ಜಾಗ ಉಳಿಸಲೆಂದು ಅದನ್ನು ತೆಗೆಯಲು ಹೋಗಬೇಡಿ. ಇನ್ನೊಂದು ಸಂಗತಿ: 1.14ರ ಸರಣಿಯವರೆಗೆ ಈ ಕಾನ್ಫಿಗರ್ ದಾರಿ ತೆರೆದಿತ್ತು. 2.0 ಆವೃತ್ತಿಯಿಂದ ಅದನ್ನು ಮುಚ್ಚಿ ಸಿಮೇಕ್ ಎಂಬ ಒಂದೇ ದಾರಿ ಇಟ್ಟಿದ್ದಾರೆ. ಸಿಮೇಕ್‌ನಲ್ಲಿ ಪ್ರಿಫಿಕ್ಸ್‌ನ ಹೆಸರು ‘ಸಿಮೇಕ್ ಇನ್‌ಸ್ಟಾಲ್ ಪ್ರಿಫಿಕ್ಸ್’ ಎಂದಾಗುತ್ತದೆ. ಕಟ್ಟುವುದು ಪ್ರತ್ಯೇಕವಾದ ‘ಬಿಲ್ಡ್’ ಫೋಲ್ಡರಿನಲ್ಲಿ ನಡೆಯುತ್ತದೆ, ಪರೀಕ್ಷೆಗೆ ‘ಸಿಟೆಸ್ಟ್’ ಎನ್ನಬೇಕು. ಕೆಲಸ ಅದೇ, ಹೆಸರು ಬೇರೆ. ಒಂದು ಎಚ್ಚರಿಕೆ: ಸಿಮೇಕ್ ಕೆಲವು ಲಿನಕ್ಸ್‌ಗಳಲ್ಲಿ ಲೈಬ್ರರಿಯನ್ನು ‘ಲಿಬ್’ ಬದಲು ‘ಲಿಬ್64’ ಎಂಬ ಫೋಲ್ಡರಿನಲ್ಲಿ ಇಡುತ್ತದೆ. ಮುಂದಿನ ಹಂತದಲ್ಲಿ ‘ಸಿಗಲಿಲ್ಲ’ ಎಂಬ ದೂರು ಬಂದರೆ ಅಲ್ಲಿಯೂ ಹುಡುಕಿ.

ಈಗ ನೆಟ್‌ಸಿಡಿಎಫ್. ಹೆಚ್ಚು ಜನ ಎಡವುವುದು ಇಲ್ಲಿ. ಬಹಳ ಹಿಂದಿನ ಆವೃತ್ತಿಗಳಲ್ಲಿ ‘ವಿತ್ ಎಚ್‌ಡಿಎಫ್5’ ಎಂದು ವಿಳಾಸ ಕೊಡಬಹುದಿತ್ತು. ಈಗ ಹಾಗಿಲ್ಲ. ಹಳೆಯ ಟಿಪ್ಪಣಿ ನೋಡಿಕೊಂಡು ಹಾಗೆ ಬರೆದರೆ ಕಾನ್ಫಿಗರ್ ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಬದಲಿಗೆ ಕಾನ್ಫಿಗರ್ ಪದದ ಹಿಂದೆ ಎರಡು ಸೂಚನೆ ಕೊಡಬೇಕು. ‘ಸಿಪಿಪಿಫ್ಲ್ಯಾಗ್ಸ್’ ಎಂಬುದು ಹೆಡರ್ ಎಲ್ಲಿವೆ ಎಂದು ಹೇಳುತ್ತದೆ: ಹೈಫನ್, ದೊಡ್ಡಕ್ಷರದ ಐ, ಅದಕ್ಕೆ ಅಂಟಿಕೊಂಡು ‘ಲೋಕಲ್’ ಒಳಗಿನ ‘ಇನ್‌ಕ್ಲೂಡ್’ ಫೋಲ್ಡರಿನ ವಿಳಾಸ. ‘ಎಲ್‌ಡಿಫ್ಲ್ಯಾಗ್ಸ್’ ಎಂಬುದು ಲೈಬ್ರರಿ ಎಲ್ಲಿದೆ ಎಂದು ಹೇಳುತ್ತದೆ: ಹೈಫನ್, ದೊಡ್ಡಕ್ಷರದ ಎಲ್, ‘ಲಿಬ್’ ಫೋಲ್ಡರಿನ ವಿಳಾಸ. ಇವೆರಡರ ಹೆಸರನ್ನೂ ಪೂರ್ತಿ ದೊಡ್ಡಕ್ಷರಗಳಲ್ಲಿ ಬರೆಯಬೇಕು.

ದೂರದ ಸರ್ವರ್‌ನಲ್ಲಿರುವ ಅಂಕಿಗಳನ್ನು ಇಳಿಸಿಕೊಳ್ಳದೆಯೇ ಓದುವ ಡ್ಯಾಪ್ ಎಂಬ ಸೌಲಭ್ಯ ನೆಟ್‌ಸಿಡಿಎಫ್‌ನಲ್ಲಿದೆ. ಅದಕ್ಕೆ ಲಿಬ್‌ಕರ್ಲ್ ಎಂಬ ಲೈಬ್ರರಿ ಬೇಕು. ನಿಮ್ಮ ಯಂತ್ರದಲ್ಲಿ ಅದು ಇಲ್ಲದಿದ್ದರೆ, ನಿಮ್ಮ ಕೆಲಸ ಇಳಿಸಿಕೊಂಡ ಫೈಲ್‌ಗಳ ಜೊತೆಗೇ ಇದ್ದರೆ, ‘ಡಿಸೇಬಲ್ ಡ್ಯಾಪ್’ ಎಂಬ ಸೂಚನೆ ಕೊಟ್ಟು ಮುಂದೆ ಹೋಗಿ. ಮನೆ ಕಟ್ಟುವಾಗ ಮೊದಲ ಮಹಡಿಯ ಬಾಲ್ಕನಿ ಆಮೇಲೆ ನೋಡಿಕೊಳ್ಳೋಣ ಎಂದ ಹಾಗೆ.

ಕಾನ್ಫಿಗರ್ ಮುಗಿದಾಗ ಪರದೆಯ ಕೊನೆಯಲ್ಲಿ ಒಂದು ವರದಿ ಬರುತ್ತದೆ. ಅದನ್ನು ಓದದೆ ಮೇಕ್ ಒತ್ತಬೇಡಿ. ಎಚ್‌ಡಿಎಫ್5 ಬೆಂಬಲ ‘ಯೆಸ್’ ಎಂದಿದೆಯೇ ನೋಡಿ. ‘ನೋ’ ಎಂದಿದ್ದರೆ ಲೈಬ್ರರಿ ಕಟ್ಟಿಕೊಳ್ಳಬಹುದು, ಆದರೆ ಹಳೆಯ ರೂಪದ ಫೈಲ್ ಮಾತ್ರ ಓದುತ್ತದೆ. ಅದು ಗೊತ್ತಾಗುವುದು ತಿಂಗಳ ನಂತರ, ಯಾರೋ ಹೊಸ ರೂಪದ ಫೈಲ್ ಕಳಿಸಿದಾಗ.

ಫೋರ್ಟ್ರಾನ್ ಬಳಸುವವರಿಗೆ ಇನ್ನೂ ಒಂದು ಹೆಜ್ಜೆ ಇದೆ. ಫೋರ್ಟ್ರಾನ್ ಭಾಗ ಬೇರೆಯೇ ಕಟ್ಟು, ಅದರ ಹೆಸರು ನೆಟ್‌ಸಿಡಿಎಫ್ ಫೋರ್ಟ್ರಾನ್. ಇದುವರೆಗೆ ಹೇಳಿದ ಸಿ ಭಾಗ ಮುಗಿದ ಮೇಲೆ, ಅದೇ ಪ್ರಿಫಿಕ್ಸ್‌ಗೆ ಅದನ್ನು ಕಟ್ಟಬೇಕು.

ಎಷ್ಟು ಹೊತ್ತು ಬೇಕು? ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಝಡ್‌ಲಿಬ್ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಎಚ್‌ಡಿಎಫ್5ಕ್ಕೆ ಒಂದು ಲೋಟ ಕಾಫಿ ಮಾಡಿ ಕುಡಿಯುವಷ್ಟು ಹೊತ್ತು. ಅದರ ಪರೀಕ್ಷೆ ಓಡಿಸಿದರೆ ಊಟ ಮುಗಿಸಿ ಬನ್ನಿ. ‘ಮೇಕ್ ಹೈಫನ್ ಜೆ 4’ ಎಂದರೆ ನಾಲ್ಕು ಕೆಲಸ ಒಟ್ಟಿಗೆ ನಡೆದು ಬೇಗ ಮುಗಿಯುತ್ತದೆ.

ಕಟ್ಟಿದ್ದು ಕೆಲಸ ಮಾಡುತ್ತದೆಯೇ?

‘ಲೋಕಲ್’ ಒಳಗಿನ ‘ಬಿನ್’ ಫೋಲ್ಡರನ್ನು ಪಾತ್ ಎಂಬ ಪಟ್ಟಿಗೆ, ‘ಲಿಬ್’ ಫೋಲ್ಡರನ್ನು ‘ಎಲ್‌ಡಿ ಲೈಬ್ರರಿ ಪಾತ್’ ಎಂಬ ಪಟ್ಟಿಗೆ ಸೇರಿಸಿ. ಕಮ್ಯಾಂಡ್ ಕೊಟ್ಟಾಗ ಕಂಪ್ಯೂಟರ್ ಎಲ್ಲೆಲ್ಲಿ ಹುಡುಕಬೇಕು ಎನ್ನುವ ಪಟ್ಟಿಗಳಿವು. ಪ್ರತಿ ಸಲ ಬರೆಯುವುದು ಬೇಡವಾದರೆ ಹೋಮ್ ಫೋಲ್ಡರಿನ ‘ಡಾಟ್ ಬ್ಯಾಶ್‌ಆರ್‌ಸಿ’ ಫೈಲಿನಲ್ಲಿ ಬರೆದಿಡಿ.

ಈಗ ‘ಎನ್‌ಸಿ ಹೈಫನ್ ಕಾನ್ಫಿಗ್’ ಎಂದು ಬರೆದು ಮುಂದೆ ‘ಹೈಫನ್ ಹೈಫನ್ ಆಲ್’ ಸೇರಿಸಿ. ಯಾವ ಆವೃತ್ತಿ, ಯಾವ ಕಂಪೈಲರ್, ಏನೇನು ಬೆಂಬಲ ಎಂದು ಎಲ್ಲವನ್ನೂ ಹೇಳುತ್ತದೆ. ಆಮೇಲೆ ‘ಎನ್‌ಸಿಡಂಪ್ ಹೈಫನ್ ಎಚ್’ ಎಂದು ಬರೆದು ಮಳೆ ಫೈಲಿನ ಹೆಸರು ಕೊಡಿ. ಅಂಕಿಗಳನ್ನು ಬಿಟ್ಟು ಚೀಟಿಯನ್ನಷ್ಟೇ ತೋರಿಸುತ್ತದೆ. ಎಚ್ ಬದಲು ಕೆ ಎಂದರೆ ಫೈಲ್ ಹಳೆಯ ರೂಪದ್ದೋ ಹೊಸದೋ ಎಂದು ತಿಳಿಯುತ್ತದೆ. ಎಚ್ ಹಾಕುವುದು ಮರೆತರೆ ಅರವತ್ತಮೂರು ಲಕ್ಷ ಅಂಕಿಗಳು ಪರದೆಯ ಮೇಲೆ ಹರಿಯತೊಡಗುತ್ತವೆ. ಆಗ ಕಂಟ್ರೋಲ್ ಜೊತೆಗೆ ಸಿ ಒತ್ತಿ.

ಇಲ್ಲಿ ಸ್ವಲ್ಪ ನಿಂತು ಒಂದು ಲೆಕ್ಕ ಹೇಳಬೇಕು. ಎಚ್‌ಡಿಎಫ್5ಕ್ಕಾಗಿ ಇಷ್ಟು ಒದ್ದಾಡಿದ್ದು ಏಕೆ ಎನ್ನುವುದಕ್ಕೆ ಉತ್ತರ ಅದರಲ್ಲೇ ಇದೆ. ಹಳೆಯ ರೂಪದ ಮಳೆ ಫೈಲಿನಲ್ಲಿ ಒಂದು ದಿನದ ನಕ್ಷೆ ಪೂರ್ತಿ ಒಟ್ಟಿಗೆ ಇರುತ್ತದೆ: 17,415 ಅಂಕಿ, 69,660 ಬೈಟ್. ಅದರ ಮುಂದೆ ಮರುದಿನದ ನಕ್ಷೆ. ಒಂದು ದಿನದ ಇಡೀ ದೇಶದ ಮಳೆ ಬೇಕೆಂದರೆ ಸಲೀಸು. ಆಗುಂಬೆಯ ಹತ್ತಿರದ ಬಿಂದುವಿನ ವರ್ಷದ ಮಳೆ ಬೇಕೆಂದರೆ? ಆ ಬಿಂದು ಅಕ್ಷಾಂಶ 13.5, ರೇಖಾಂಶ 75.0. ಬೇಕಾದದ್ದು 365 ಅಂಕಿ, ಅಂದರೆ 1,460 ಬೈಟ್. ಅದಕ್ಕಾಗಿ ಕಂಪ್ಯೂಟರ್ 69,660 ಬೈಟ್ ದಾಟಿ ದಾಟಿ ಒಂದೊಂದು ಅಂಕಿ ಹೆಕ್ಕಬೇಕು. ವರ್ಷದ ದಿನಪತ್ರಿಕೆಗಳ ಕಟ್ಟಿನಲ್ಲಿ ಒಂದೇ ರಾಶಿಯ ಭವಿಷ್ಯ ಓದಬೇಕಾದವನು 365 ಪತ್ರಿಕೆಗಳನ್ನೂ ಬಿಚ್ಚುವ ಹಾಗೆ. ನೂರು ವರ್ಷದ ಲೆಕ್ಕವಾದರೆ ಊಹಿಸಿಕೊಳ್ಳಿ.

ಎಚ್‌ಡಿಎಫ್5 ಅಂಕಿಗಳನ್ನು ಚಂಕ್, ಎಂದರೆ ತುಂಡುಗಳಾಗಿ ಇಡಬಲ್ಲದು. 365 ದಿನ, 10 ಅಕ್ಷಾಂಶ, 10 ರೇಖಾಂಶ ಸೇರಿ ಒಂದು ತುಂಡು ಎಂದು ಮಾಡಿದರೆ ಆಗುಂಬೆಯ ವರ್ಷಪೂರ್ತಿ ಮಳೆ ಒಂದೇ ತುಂಡಿನಲ್ಲಿ ಸಿಗುತ್ತದೆ. ಎನ್‌ಸಿಕಾಪಿ ಎಂಬ ಸಲಕರಣೆಗೆ ‘ಹೈಫನ್ ಸಿ’ ಕೊಟ್ಟು ಹೀಗೆ ತುಂಡು ಮಾಡಿಸಬಹುದು. ‘ಹೈಫನ್ ಡಿ’ ಕೊಟ್ಟು ಮುಂದೆ 1ರಿಂದ 9ರ ಒಳಗಿನ ಅಂಕಿ ಹಾಕಿದರೆ ಝಡ್‌ಲಿಬ್ ಪ್ರತಿ ತುಂಡನ್ನೂ ಒತ್ತಿ ಚಿಕ್ಕದು ಮಾಡುತ್ತದೆ. ಮಳೆ ಫೈಲಿನಲ್ಲಿ ಸಮುದ್ರದ, ನೆರೆದೇಶಗಳ ಬಿಂದುಗಳಿಗೆ -999, ಬೇಸಿಗೆಯ ದಿನಗಳಲ್ಲಿ ಸಾಲು ಸಾಲು ಸೊನ್ನೆ. ಹೀಗೆ ಒಂದೇ ಅಂಕಿ ಮತ್ತೆ ಮತ್ತೆ ಬರುವ ಫೈಲ್ ಚೆನ್ನಾಗಿ ಕುಗ್ಗುತ್ತದೆ. ನನ್ನ ಸಲಹೆ 1 ಅಥವಾ 2. ಒಂಬತ್ತು ಹಾಕಿದರೆ ಸಮಯ ಹೆಚ್ಚು ಹಿಡಿಯುತ್ತದೆ, ಲಾಭ ಅಷ್ಟಿಲ್ಲ.

ಆಗುಂಬೆಯ ಹೆಸರು ತೆಗೆದದ್ದರಿಂದ ಇನ್ನೊಂದು ಮಾತು. ಚೌಕದ ಅಂಕಿ ಆಗುಂಬೆಯ ಮಳೆಮಾಪಕದ ಅಂಕಿಗೆ ಸರಿಹೊಂದಲಿಲ್ಲ ಎಂದು ಲೈಬ್ರರಿಯನ್ನು ಅನುಮಾನಿಸಬೇಡಿ. ಘಟ್ಟದ ತುದಿಯಿಂದ 27 ಕಿಲೋಮೀಟರ್ ಒಳಗೆ ಬಂದರೆ ಮಳೆ ಎಷ್ಟು ಇಳಿಯುತ್ತದೆ ಎಂದು ಮಲೆನಾಡಿನವರಿಗೆ ಹೇಳಬೇಕಿಲ್ಲ. ಹಾಗೆಯೇ, ಮಳೆ ಒಂದು ದಿನ ಆಚೀಚೆ ಕಂಡರೂ ಲೈಬ್ರರಿಯ ತಪ್ಪಲ್ಲ: ಹವಾಮಾನ ಇಲಾಖೆಯ ಒಂದು ದಿನ ಎಂದರೆ ಬೆಳಿಗ್ಗೆ 8:30ಕ್ಕೆ ಮುಗಿಯುವ 24 ಗಂಟೆ.

ತಪ್ಪುವ ಜಾಗಗಳು

ದೂರು ಬಂದಾಗ ಮೊದಲು ಕೇಳಿಕೊಳ್ಳಬೇಕಾದದ್ದು: ಯಾವ ಹಂತದಲ್ಲಿ ಬಂತು? ಕಾನ್ಫಿಗರ್ ಹಂತದಲ್ಲಿ ‘ಎಚ್‌ಡಿಎಫ್5 ಡಾಟ್ ಎಚ್ ಸಿಗಲಿಲ್ಲ’ ಎಂದರೆ ಹೆಡರ್ ವಿಳಾಸ ತಪ್ಪು, ಅಥವಾ ಹೆಸರಿನಲ್ಲಿ ಡೆವ್ ಇರುವ ಪ್ಯಾಕೇಜ್ ಹಾಕಿಲ್ಲ. ಪರದೆಯ ಮೇಲಿನ ಒಂದು ಸಾಲಿನಲ್ಲಿ ಪೂರ್ತಿ ಕಥೆ ಇರುವುದಿಲ್ಲ. ಅದೇ ಫೋಲ್ಡರಿನ ‘ಕಾನ್ಫಿಗ್ ಡಾಟ್ ಲಾಗ್’ ತೆರೆದು ಆ ಹೆಸರನ್ನು ಹುಡುಕಿ. ನಿಜವಾದ ದೂರು ಅಲ್ಲಿರುತ್ತದೆ. ಸರಿಪಡಿಸಿದ ಮೇಲೆ ಹಳೆಯದರ ಮೇಲೆಯೇ ಮುಂದುವರಿಸಬೇಡಿ. ‘ಮೇಕ್ ಡಿಸ್ಟ್‌ಕ್ಲೀನ್’ ಮಾಡಿ, ಸಿಮೇಕ್ ಆದರೆ ಬಿಲ್ಡ್ ಫೋಲ್ಡರನ್ನೇ ಅಳಿಸಿ, ಹೊಸದಾಗಿ ಶುರು ಮಾಡಿ.

ಕಟ್ಟುವುದೆಲ್ಲ ಸರಿಯಾಗಿ, ಪ್ರೋಗ್ರಾಮ್ ಓಡಿಸುವಾಗ ‘ಲಿಬ್‌ನೆಟ್‌ಸಿಡಿಎಫ್ ತೆರೆಯಲು ಆಗಲಿಲ್ಲ’ ಎಂದರೆ ಲೈಬ್ರರಿ ಪಾತ್ ಬರೆದಿಲ್ಲ ಎಂದರ್ಥ. ‘ಎಲ್‌ಡಿಡಿ’ ಎಂದು ಬರೆದು ನಿಮ್ಮ ಪ್ರೋಗ್ರಾಮ್ ಹೆಸರು ಕೊಟ್ಟರೆ ಅದು ಯಾವ ಲೈಬ್ರರಿಯನ್ನು ಎಲ್ಲಿಂದ ಎತ್ತಿಕೊಳ್ಳುತ್ತಿದೆ ಎಂದು ಕಾಣುತ್ತದೆ.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಎರಡೆರಡು ಎಚ್‌ಡಿಎಫ್5. ಕೋಂಡಾ ಎಂಬ ಪೈಥಾನ್ ವ್ಯವಸ್ಥೆ ತನ್ನದೇ ಒಂದು ಪ್ರತಿ ಇಟ್ಟುಕೊಂಡಿರುತ್ತದೆ. ಅದು ಚಾಲೂ ಇರುವಾಗ ನೀವು ಕಟ್ಟಲು ಕೂತರೆ ಹೆಡರ್ ಒಂದು ಕಡೆಯಿಂದ, ಲೈಬ್ರರಿ ಇನ್ನೊಂದು ಕಡೆಯಿಂದ ಬರುತ್ತದೆ. ಆಗ ಎಚ್‌ಡಿಎಫ್5 ‘ಹೆಡರ್‌ನ ಆವೃತ್ತಿಯೇ ಬೇರೆ, ಲೈಬ್ರರಿಯ ಆವೃತ್ತಿಯೇ ಬೇರೆ’ ಎಂದು ಉದ್ದನೆಯ ಎಚ್ಚರಿಕೆ ಕೊಟ್ಟು ಪ್ರೋಗ್ರಾಮನ್ನೇ ನಿಲ್ಲಿಸಿಬಿಡುತ್ತದೆ. ಅದು ಮಾಡುವುದು ಸರಿಯೇ, ಮುಂದುವರಿದರೆ ನಿಮ್ಮ ಅಂಕಿಗಳೇ ಕೆಡಬಹುದು. ಕಟ್ಟುವ ಮುನ್ನ ‘ಕೋಂಡಾ ಡಿಆ್ಯಕ್ಟಿವೇಟ್’ ಮಾಡಿ. ‘ವಿಚ್ ಎನ್‌ಸಿ ಹೈಫನ್ ಕಾನ್ಫಿಗ್’ ಎಂದು ಕೇಳಿ, ಉತ್ತರ ನಿಮ್ಮ ‘ಲೋಕಲ್’ ಫೋಲ್ಡರಿನದೇ ಎಂದು ಖಚಿತಪಡಿಸಿಕೊಳ್ಳಿ.

ಫೋರ್ಟ್ರಾನ್‌ನವರಿಗೆ ‘ನೆಟ್‌ಸಿಡಿಎಫ್ ಡಾಟ್ ಮಾಡ್’ ಫೈಲಿನ ಬಗ್ಗೆ ದೂರು ಬಂದರೆ ಕಂಪೈಲರ್ ಬದಲಾಗಿದೆ ಎಂದರ್ಥ. ಮರುಕಟ್ಟುವುದೊಂದೇ ದಾರಿ. ದೊಡ್ಡ ಕಂಪ್ಯೂಟರ್‌ಗಳ ಹಂಚಿಕೆಯ ಡಿಸ್ಕ್‌ನಲ್ಲಿ ‘ಫೈಲ್ ಲಾಕ್ ಮಾಡಲಾಗಲಿಲ್ಲ’ ಎಂದು ಬಂದರೆ ‘ಎಚ್‌ಡಿಎಫ್5 ಯೂಸ್ ಫೈಲ್ ಲಾಕಿಂಗ್’ ಎಂಬ ಸೆಟ್ಟಿಂಗನ್ನು ‘ಫಾಲ್ಸ್’ ಮಾಡಿ. ಆದರೆ ಅದೇ ಫೈಲಿಗೆ ಇನ್ನೊಬ್ಬರು ಬರೆಯುತ್ತಿಲ್ಲ ಎಂದು ಗೊತ್ತಿದ್ದರೆ ಮಾತ್ರ.

ಖರ್ಚು, ಸಿಗುವ ಜಾಗ

ಖರ್ಚು ಇಲ್ಲ. ಮೂರು ಲೈಬ್ರರಿಗಳೂ ಮುಕ್ತ ಪರವಾನಗಿಯವು. ಓದಿಗೂ ವ್ಯಾಪಾರಕ್ಕೂ ಬಳಸಬಹುದು, ಕೋಡ್ ತಿದ್ದಬಹುದು. ಮೂಲ ಪರವಾನಗಿಯ ಪುಟವನ್ನು ಜೊತೆಗೆ ಇಟ್ಟಿರಬೇಕು, ಅಷ್ಟೆ. ಖರ್ಚಾಗುವುದು ನಿಮ್ಮ ಇಂಟರ್ನೆಟ್ ಡೇಟಾ ಮತ್ತು ಒಂದು ಮಧ್ಯಾಹ್ನ.

ಕೋಡನ್ನು ಆಯಾ ಮೂಲದಿಂದಲೇ ತನ್ನಿ. ನೆಟ್‌ಸಿಡಿಎಫ್ ಗಿಟ್‌ಹಬ್‌ನ ಯೂನಿಡೇಟಾ ಪುಟದಲ್ಲಿ, ಎಚ್‌ಡಿಎಫ್5 ಎಚ್‌ಡಿಎಫ್ ಗ್ರೂಪ್ ಎಂಬ ಸಂಸ್ಥೆಯ ತಾಣದಲ್ಲಿ, ಝಡ್‌ಲಿಬ್ ಅದರದೇ ತಾಣದಲ್ಲಿ ಸಿಗುತ್ತದೆ. ಗಿಟ್‌ಹಬ್‌ನಲ್ಲಿ ‘ರಿಲೀಸಸ್’ ಎಂಬ ಕೊಂಡಿಯಡಿ ಇರುವ ಕಟ್ಟನ್ನೇ ಇಳಿಸಿ. ಮುಖ್ಯ ಪುಟದಿಂದ ಎತ್ತಿಕೊಂಡರೆ ಅದು ಇನ್ನೂ ಕೆಲಸ ನಡೆಯುತ್ತಿರುವ ಪ್ರತಿ. ಅದರಲ್ಲಿ ಕಾನ್ಫಿಗರ್ ಫೈಲ್ ಕಾಣದಿದ್ದರೆ ‘ಆಟೋರೀಕಾನ್ಫ್ ಹೈಫನ್ ಐಎಫ್’ ಎಂದು ಕೊಟ್ಟು ಅದನ್ನು ಹುಟ್ಟಿಸಬೇಕಾಗುತ್ತದೆ.

ಎಲ್ಲಾದರೂ ಸಿಕ್ಕಿಕೊಂಡು ಇನ್ನೊಬ್ಬರ ಸಹಾಯ ಕೇಳುವುದಾದರೆ ‘ಕೆಲಸ ಮಾಡುತ್ತಿಲ್ಲ’ ಎಂದಷ್ಟೇ ಬರೆಯಬೇಡಿ. ಯಾವ ಆವೃತ್ತಿ, ನೀವು ಕೊಟ್ಟ ಕಮ್ಯಾಂಡ್ ಏನು ಎಂದು ಬರೆದು, ‘ಕಾನ್ಫಿಗ್ ಡಾಟ್ ಲಾಗ್’ ಫೈಲನ್ನೂ ಜೊತೆಗೆ ಕಳಿಸಿ.